ಕಾರಿನ ಮೇಲಿಟ್ಟ ಕಥೆ

ನಾವಿದ್ದ ನಾರ್ತ್ ಕ್ರೀಕ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಜಪಾನಿ ಅಜ್ಜಿ ಕಥೆ, ಕವಿತೆ ಬರೆಯುತ್ತಿದ್ದರು. ಎಲ್ಲವೂ ಪೆನ್ಸಿಲಿನಲ್ಲಿ, ಒಂದೇ ಪ್ರತಿ. ಇಂಗ್ಲಿಷಿನಲ್ಲಿ ಬರೆದ ಮೊದಲ ಕಥೆಯನ್ನು ನನಗೆ ಓದಲು ಕೊಟ್ಟಿದ್ದರು. ಎರಡು ವಾರ ಅದು ಅಡುಗೆಮನೆಯ ಕಟ್ಟೆಯ ಮೇಲೇ ಬಿದ್ದಿತ್ತು. ಅವರು ಬೇಲಿಯಾಚೆಯಿಂದ ಕೇಳಿದಾಗಲೆಲ್ಲ ‘ತುಂಬಾ ಚೆನ್ನಾಗಿದೆ’ ಎಂದುಬಿಡುತ್ತಿದ್ದೆ.

ಆ ಶನಿವಾರ, ಕಾರುಗಳನ್ನೂ ನೀರು ದಾಟಿಸುವ ಫೆರಿ ದೋಣಿಯಲ್ಲಾದರೂ ಓದೋಣವೆಂದು ಕಥೆಯಿದ್ದ ಫೈಲನ್ನು ಹೊರಗೆ ತಂದೆ. ಮುಕಿಲ್ಟಿಯೊ ದಡದಲ್ಲಿ ಫೆರಿಗೆ ಕಾಯುತ್ತ ಕಾರುಗಳ ಸಾಲಿನಲ್ಲಿ ನಿಂತಾಗ ನೆನಪಾಯಿತು: ಮಗಳಿಗೆ ಸೀಟ್ ಬೆಲ್ಟ್ ಹಾಕುವಾಗ ಅದನ್ನು ಕಾರಿನ ಮೇಲಿಟ್ಟಿದ್ದೆ. ಇಳಿದು ನೋಡಿದರೆ ಇಲ್ಲ. ಗಂಡನಿಗೆ ಫೋನ್ ಮಾಡಿದೆ.

“ಹೈವೇಲಿ ಎಲ್ಲಿ ಅಂತ ಹುಡುಕ್ತೀಯಾ? ಹೋಗಿ ಹೇಳ್ಬಿಡು,” ಎಂದರು. ಅವರಿಗೇನು, ಹೇಳುವುದು ಸುಲಭ!

ವಾಪಸು ಬರುವಾಗ ರಸ್ತೆಯಂಚಿನ ಪ್ರತಿಯೊಂದು ಬಿಳಿ ಚೂರಿಗೂ ಕಾರು ನಿಧಾನಿಸಿ ನೋಡಿದೆ. ಒಂದೂ ಕಥೆಯ ಹಾಳೆಯಲ್ಲ.

ಸೀದಾ ಅವರ ಮನೆಗೆ ಹೋಗಿ ಹೇಳಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೊಸ ಹಾಳೆ, ಪೆನ್ಸಿಲು ತಂದು ನನ್ನೆದುರು ಕೂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಂಗೆ ಪೂರ್ತಿ ನೆನಪಿಲ್ಲ. ನೀನು ಓದಿದೀಯಲ್ಲ, ಹೇಳ್ತಾ ಹೋಗು, ಬರ್ಕೋತೀನಿ. ಕೊನೇಲಿ ಆ ಹೆಂಗಸು ಬಾಗಿಲಲ್ಲಿ ನಿಂತು ಏನಂತಾಳೆ?”

ಆ ಕಥೆಯಲ್ಲೊಬ್ಬಳು ಹೆಂಗಸಿದ್ದಾಳೆಂದು ನನಗೆ ತಿಳಿದದ್ದೇ ಆಗ.