ಸಾಂಗಲಿಯ ಗಂಟು, ಮಿರಜಿನ ಗಂಟು

ನಾಗವ್ವ ಮಿರಜಿನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷ ಇದ್ದಳು. ಸತ್ತವರ ಬಟ್ಟೆ ತಂದು, ಕುದಿಸಿ, ಒಗೆದು, ಬದುಕಿದ್ದವರಿಗೆ ಮಾರುವುದು ಅವಳ ಕಸುಬು. ಕೊಡುವವರಿಗೆ ಇದು ಗೊತ್ತಿತ್ತು. ಕೊಳ್ಳುವವರು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ.

ನಮ್ಮ ಕಡೆ ಮನುಷ್ಯ ಹೋದ ಮೇಲೆ ಅವನ ಹಾಸಿಗೆ, ದಿಂಬು, ಉಟ್ಟ ಬಟ್ಟೆ ಎಲ್ಲ ಗಂಟು ಕಟ್ಟಿ ಹೊಳೆಗೆ ಬಿಡುತ್ತಾರೆ. ಸಾಂಗಲಿಯವರು ಹರಿಪುರದ ಸಂಗಮಕ್ಕೆ ಒಯ್ಯುತ್ತಾರೆ, ಮಿರಜಿನವರು ಇಲ್ಲಿಯ ಕೃಷ್ಣಾ ಘಾಟಿಗೆ. ನಾನು ಸಣ್ಣವಳಿದ್ದಾಗ ಅದೆಲ್ಲ ಹತ್ತಿಯ ಬಟ್ಟೆ, ಒಂದು ಮಳೆಗಾಲ ಕಳೆದರೆ ಕೊಳೆತು ಮಣ್ಣಾಗುತ್ತಿತ್ತು. ಈಗಿನ ಸೀರೆ ಕೊಳೆಯುವುದಿಲ್ಲ. ದಂಡೆಯ ಜಾಲಿಗಿಡಗಳಲ್ಲಿ ವರ್ಷಗಟ್ಟಲೆ ಜೋತಾಡುತ್ತದೆ.

ನಾಗವ್ವನ ತವರು ಹರಿಪುರ. ಅವಳ ಅಪ್ಪ ಅಲ್ಲಿ ಒಬ್ಬರ ಹೊಲದ ಪಂಪು ನೋಡಿಕೊಳ್ಳುತ್ತಿದ್ದ. ಪಂಪಿನ ಬಾಯಿಗೆ ಸೀರೆ ಸುತ್ತಿ ನೀರು ನಿಂತಾಗ ಅಪ್ಪ ಮುಳುಗಿ ಕುಡುಗೋಲಿನಿಂದ ಕೊಯ್ಯುತ್ತಿದ್ದ, ಮಗಳು ದಂಡೆಯಲ್ಲಿ ನಿಂತು ಎಳೆದು ಹಾಕುತ್ತಿದ್ದಳು. ಮುಂದೆ ಮದುವೆಯಾಗಿ ಮಿರಜಿಗೆ ಬಂದಳು. ಗಂಡ ಬೇಗ ತೀರಿಕೊಂಡ. ಆ ವರ್ಷ ತವರಿಗೆ ಹೋದವಳಿಗೆ ದಂಡೆಯ ಮೇಲೆ ಒಂದು ಉಣ್ಣೆಯ ಕೋಟು ಸಿಕ್ಕಿತು. ಒಂದು ಗುಂಡಿಯೂ ಕಳಚಿರಲಿಲ್ಲ. ಅದನ್ನು ತಂದು ನನ್ನ ಕಟ್ಟೆಯ ಮೇಲೆ ಹರವಿದಳು.

“ವೈನಿ, ಹೋದಾಂವ ಹೋದ. ಈ ಕೋಟ ಏನ ತಪ್ಪ ಮಾಡೇತ್ರಿ? ಇದ್ಯಾಕ ಹೊಳಿಗೆ ಹೋಗಬೇಕು?”

“ಒಗದರ ದೋಷ ಹೋಗೂದಿಲ್ಲ, ನಾಗವ್ವ.”

“ದೋಷ ಎಲ್ಲೆ ಹತ್ತೇತಿ ತೋರ್ಸ್ರಿ, ಅಲ್ಲೇ ಒಂದೀಟ ಜಾಸ್ತಿ ತಿಕ್ಕತೇನಿ.”

ನಾನು ನಕ್ಕುಬಿಟ್ಟೆ. ಅವಳ ಕಸುಬು ಹಾಗೆ ಶುರುವಾಯಿತು.

ದೊಡ್ಡ ಹಂಡೆಯಲ್ಲಿ ಬಟ್ಟೆ ಒಗೆಯುವ ಸೋಡಾ ಹಾಕಿ ಮೂರು ಸಲ ಕುದಿಸುತ್ತಿದ್ದಳು, ಉಣ್ಣೆಯದನ್ನು ಮಾತ್ರ ಬಿಸಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತಿದ್ದಳು. ನಮ್ಮ ಹಿತ್ತಿಲಿಗೆಲ್ಲ ಆ ವಾಸನೆ. ಬರಬರುತ್ತ ಮಂದಿ ಹೊಳೆಗೆ ಒಯ್ಯುವ ಬದಲು ಅವಳನ್ನೇ ಕರೆದು ಕೊಡತೊಡಗಿದರು. ಆದರೆ ಎಲ್ಲರದೂ ಒಂದೇ ಕರಾರು: ನಮ್ಮ ಕಣ್ಣಿಗೆ ಬೀಳಬಾರದು. ಅದಕ್ಕೇ ಅವಳ ಹತ್ತಿರ ಎರಡು ಗಂಟು. ಸಾಂಗಲಿಯವರು ಕೊಟ್ಟದ್ದನ್ನು ಕೆಂಪು ಸೀರೆಯಲ್ಲಿ ಕಟ್ಟಿ ಪೂರ್ವಕ್ಕೆ, ಖಂಡೇರಾಜುರಿಯ ಕಡೆ ಒಯ್ದು ಮಾರುವಳು. ಮಿರಜಿನದನ್ನು ಬಿಳಿ ಧೋತರದಲ್ಲಿ ಕಟ್ಟಿ ಹರಿಪುರದ ಕಡೆ ಒಯ್ಯುವಳು. ಕಬ್ಬು ಕಡಿಯುವವರು, ಇಟ್ಟಂಗಿ ಭಟ್ಟಿಯವರು ತೆಗೆದುಕೊಳ್ಳುತ್ತಿದ್ದರು. ತೀರ ಹರಿದದ್ದು ಮಾತ್ರ ಕುಪವಾಡ ಎಂಐಡಿಸಿಯ ಕಾರಖಾನೆಗಳಿಗೆ, ಯಂತ್ರ ಒರೆಸುವ ಚಿಂದಿಗೆ. ಅಷ್ಟೂ ವರ್ಷದಲ್ಲಿ ಒಂದೇ ಒಂದು ದಿನ ಬಿಟ್ಟರೆ ಆ ಎರಡು ಗಂಟು ಕಲೆತದ್ದಿಲ್ಲ.

ನಮ್ಮ ಮನೆಯವರು ತೀರಿಕೊಂಡಾಗ ನಾನೂ ಅವರ ನಾಲ್ಕು ಅಂಗಿ, ಎರಡು ಧೋತರ ಅವಳಿಗೆ ಕೊಟ್ಟೆ. ಆ ಚಳಿಗಾಲದಲ್ಲಿ ಅವಳು ಕೆಂಪು ಗಂಟಿನಿಂದ ಒಂದು ಕಂದು ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದಳು.

“ಯಾರದ ನಾಗವ್ವ ಇದು?”

“ಬೆಚ್ಚಗ ಐತಿಲ್ಲ? ಸಾಕ ಬಿಡ್ರಿ.”

ಸೊಸೆ ವೃಷಾಲಿ ಕೇಳಿದಾಗ, ತಂಗಿ ಕೊಟ್ಟಳು ಎಂದೆ.

ಇನ್ನು ಕಾಂಚನಳ ಮಾತು. ಸಾಂಗಲಿಯ ಪೇಟೆಯಲ್ಲಿ ಬೆಲ್ಲದ ವ್ಯಾಪಾರದ ಮನೆತನದ ಹೆಣ್ಣುಮಗಳು. ಅವಳ ತಂದೆ ಹೋದಾಗ ನಾಗವ್ವನ ಜೊತೆ ನಾನೂ ಅವರ ಮನೆಗೆ ಹೋಗಿದ್ದೆ. ಕಾಂಚನ ಗಂಟಿನ ಮೇಲೆ ಒಂದು ಸ್ವೆಟರು ಇಟ್ಟಳು. ಅವಳೇ ಕೈಯಿಂದ ಹೆಣೆದದ್ದು. ನಡುವೆ ಉಣ್ಣೆ ತೀರಿ, ಅದೇ ಬಣ್ಣ ಮತ್ತೆ ಸಿಗದೆ, ಒಂದು ತೋಳು ಬೂದು, ಇನ್ನೊಂದು ತೋಳು ಹಸಿರು.

“ಮಾವಶಿ, ಇದನ್ನ ಹೊಳಿಗೆ ಹಾಕೂ ಮನಸ ಆಗವಲ್ದು. ಯಾರರ ಹಾಕ್ಕೊಳ್ಳಿ. ಖರೆ ನನಗ ಕಾಣಬಾರ್ದು.”

“ಕಾಣೂದಿಲ್ಲ ನನ್ನವ್ವ. ನನ್ನ ಮಾತ ಐತಿ.”

ಎಂಟು ತಿಂಗಳ ಮೇಲೆ, ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಯೊಳಗೆ ಬಂದಳು. ಮಾಳಿಗೆಯ ಮೇಲಿದ್ದವರನ್ನು ದೋಣಿಯಲ್ಲಿ ಇಳಿಸಿ, ಟೆಂಪೋದಲ್ಲಿ ತುಂಬಿ ಮಿರಜಿನ ಒಂದು ಶಾಲೆಗೆ ತಂದರು. ಎಲ್ಲರೂ ಒದ್ದೆ. ಹೊರಗೆ ಮಳೆ ನಿಂತಿರಲಿಲ್ಲ. ಎಲ್ಲಿಂದಲೂ ಇನ್ನೂ ನೆರವು ಬಂದಿರಲಿಲ್ಲ. ನಮ್ಮ ಓಣಿಯ ಹೆಂಗಸರು ಉಪ್ಪಿಟ್ಟು ಮಾಡಲು ಹೋದೆವು. ವೃಷಾಲಿ ಈರುಳ್ಳಿ ಹೆಚ್ಚುತ್ತಿದ್ದಳು, ನಾನು ಶಾಲು ಹೊದ್ದು ಒಲೆಯ ಮುಂದೆ ಕೂತಿದ್ದೆ. ನಾಗವ್ವ ಕೈಗಾಡಿಯಲ್ಲಿ ಎರಡೂ ಗಂಟು ಹೇರಿಕೊಂಡು ಬಂದಳು.

ಬಿಳಿ ಗಂಟು ಅರ್ಧ ತಾಸಿನಲ್ಲಿ ಖಾಲಿಯಾಯಿತು. ಅವಳ ಕೈ ಕೆಂಪು ಗಂಟಿಗೆ ಹೋದದ್ದನ್ನು ನೋಡಿ ಎದ್ದು ಹೋಗಿ ಕಿವಿಯಲ್ಲಿ ಹೇಳಿದೆ.

“ನಾಗವ್ವ, ಅದನ್ನ ಬಿಚ್ಚಬ್ಯಾಡ. ಇವರೆಲ್ಲಾ ಸಾಂಗಲಿಯವರು.”

“ಗೊತ್ತೈತ್ರಿ ವೈನಿ. ಆ ಮುದುಕರ ಹಲ್ಲ ಕಟಕಟ ಅನ್ನಾಕತ್ತಾವ ನೋಡ್ರಿ. ಹೆಂಗ ಸುಮ್ನ ಕುಂದರ್ಲಿ?”

ಬಿಚ್ಚಿದಳು. ಆ ಮುದುಕರ ಹೆಸರು ಬಾಪೂಸಾಹೇಬ. ಎರಡು ಬಣ್ಣದ ತೋಳು ಕಂಡು ಯಾರೂ ಕೊಳ್ಳದೆ ಉಳಿದಿದ್ದ ಕಾಂಚನಳ ಸ್ವೆಟರು ಅವರಿಗೆ ಸಿಕ್ಕಿತು. ಎರಡೂ ಕೈ ಚಾಚಿ ನೋಡಿಕೊಂಡು, “ಒಂದ ತೋಳ ಮಾವಂದು, ಒಂದ ತೋಳ ಅಳಿಯಂದು, ಏನವಾ ಇದು?” ಎಂದರು. ಎರಡು ದಿನದಲ್ಲಿ ಆ ಶಾಲೆಯಲ್ಲಿ ಮೊದಲ ಸಲ ಮಂದಿ ನಕ್ಕರು.

ಮಧ್ಯಾಹ್ನದ ಟೆಂಪೋದಲ್ಲಿ ಕಾಂಚನ ಬಂದಳು. ಬಾಗಿಲಲ್ಲಿ ನಿಂತಳು. ಬಾಪೂಸಾಹೇಬ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದರು.

“ಅಪ್ಪಾ,” ಎಂದಳು.

ಅವರು ತಿರುಗಿದರು. ಬೇರೆ ಮುಖ. ಕಾಂಚನ ನೆಲಕ್ಕೆ ಕುಸಿದು ಅತ್ತಳು. ಆಮೇಲೆ ನಾಗವ್ವನನ್ನು ಕಂಡಳು.

“ಕಾಣಬಾರ್ದು ಅಂದಿದ್ನಲ್ಲ ಮಾವಶಿ! ಮಾತ ಕೊಟ್ಟಿದ್ದಿಲ್ಲೇನ ನೀವು?”

ಬಾಪೂಸಾಹೇಬ ಲೋಟ ಕೆಳಗಿಟ್ಟರು. “ಯಾರದ ಇದು?”

ನಾಗವ್ವನಿಗೆ ಒಂದು ಸುಳ್ಳು ಹೇಳಲು ಬರುತ್ತಿತ್ತು. ಹೇಳಲಿಲ್ಲ.

“ಇವರ ತಂದೀದ್ರಿ. ಹೋಗಿ ಎಂಟ ತಿಂಗಳಾತು.”

ಪಕ್ಕದ ಹೆಂಗಸು ಸೆರಗು ಹಿಡಿದು ಕೇಳಿದಳು, “ಮತ್ತ ಈ ಸೀರಿ?”

“ಅದೂ.”

“ಕೂಸಿಗೆ ಸುತ್ತೇನಲ್ಲ, ಇದು?”

“ಎಲ್ಲಾನೂ ಹಂಗರಿ. ಎಲ್ಲಾ ಒಗದೇನಿ. ನನ್ನ ಕೈ ನೋಡ್ರಿ.” ಸೋಡಾ ತಿಂದ ಕೈಯನ್ನು ಮುಂದೆ ಹಿಡಿದಳು.

ಯಾರೂ ನೋಡಲಿಲ್ಲ. ಬಾಪೂಸಾಹೇಬ ಸ್ವೆಟರು ಬಿಚ್ಚಿ ಬೆಂಚಿನ ಮೇಲಿಟ್ಟು ತಮ್ಮ ಒದ್ದೆ ಅಂಗಿಯನ್ನೇ ಮತ್ತೆ ತೊಟ್ಟರು. ಹೆಂಗಸರು ಇನ್ನೊಂದು ಖೋಲಿಗೆ ಹೋಗಿ ಹಸಿ ಸೀರೆ ಉಟ್ಟು ಬಂದು, ನಾಗವ್ವನ ಸೀರೆಗಳನ್ನು ಎರಡು ಬೆರಳಲ್ಲಿ ಹಿಡಿದು ರಾಶಿ ಹಾಕಿದರು. ಕೂಸಿಗೆ ಸುತ್ತಿದ್ದನ್ನೂ ಬಿಚ್ಚಿದರು.

ಆಗ ನಾಗವ್ವ ನನ್ನ ಕಡೆ ನೋಡಿದಳು. ಮುಖಕ್ಕಲ್ಲ, ಹೆಗಲ ಮೇಲಿನ ಶಾಲಿಗೆ. ಎಂಟು ವರ್ಷ ನಾನು ಹೊದ್ದ ಶಾಲು. ಇದೂ ಅವಳ ಗಂಟಿನದೇ, ನನಗೇನೂ ಆಗಿಲ್ಲ, ಹಾಕಿಕೊಳ್ಳಿರಿ ಎಂದು ನಾನೊಬ್ಬಳು ಅಂದಿದ್ದರೆ ಆ ಕೂಸಿನ ತಾಯಿಯಾದರೂ ಕೇಳುತ್ತಿದ್ದಳೇನೋ. ವೃಷಾಲಿ ಮಗ್ಗುಲಲ್ಲೇ ಇದ್ದಳು. ನಾನು ಉಪ್ಪಿಟ್ಟು ತಿರುವುತ್ತ ಕೂತೆ. ನಾಗವ್ವ ಕಣ್ಣು ತೆಗೆದಳು, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದಳು, ಗಾಡಿ ನೂಕಿಕೊಂಡು ಹೋದಳು.

ಮೂರನೆಯ ದಿನ ದೂರದ ಊರುಗಳಿಂದ ಲಾರಿಗಳು ಬಂದವು, ತುಂಬ ಹಳೆಯ ಬಟ್ಟೆ. ಯಾರದೆಂದು ಯಾರಿಗೂ ಗೊತ್ತಿಲ್ಲ. ಮಂದಿ ಮುಗಿಬಿದ್ದು ಆರಿಸಿಕೊಂಡರು. ಬಾಪೂಸಾಹೇಬರಿಗೆ ಒಂದು ಕರಿ ಕೋಟು ಸಿಕ್ಕಿತು.

“ಅಲ್ಲೆ ಮಂದಿ ಸಾಯೂದಿಲ್ಲೇನ್ರಿ ವೈನಿ?” ಎಂದು ನಾಗವ್ವ ಕೇಳಿದಳು. ನಗುತ್ತಿರಲಿಲ್ಲ.

ಲಾರಿಗಳು ಬರುತ್ತಲೇ ಇದ್ದವು. ಸಾಕಾದ ಮೇಲೆ ಬಟ್ಟೆಯನ್ನು ರಸ್ತೆಯ ಬದಿಗೆ ಸುರಿದು ಹೋದರು. ಮಳೆಯಲ್ಲಿ ನೆನೆದು, ಗಾಡಿಗಳ ಕೆಳಗೆ ಸಿಕ್ಕು, ಕೊನೆಗೆ ಬಹಳಷ್ಟು ನಾಲೆ ಹಿಡಿದು ಹೊಳೆಗೇ ಸೇರಿತು.

ಶಾಲೆಯ ಸುದ್ದಿ ಊರೂರಿಗೆ ಹೋಯಿತು. ಖಂಡೇರಾಜುರಿಯಲ್ಲಿ ಅವಳನ್ನು ಕಟ್ಟೆ ಹತ್ತಗೊಡಲಿಲ್ಲ. ಕೊಡುವವರೂ ಕೊಡುವುದನ್ನು ನಿಲ್ಲಿಸಿದರು, ಎಲ್ಲಿ ಯಾರ ಮೈಮೇಲೆ ಕಾಣುತ್ತದೋ ಎಂದು. ಗಂಟುಗಳು ಮತ್ತೆ ಹೊಳೆಗೆ ಹೋದವು. ಅವಳು ಘಾಟಿನಲ್ಲಿ ಕೈಗೆ ಸಿಕ್ಕಷ್ಟು ಎಳೆದು ತರುತ್ತಿದ್ದಳು, ಆದರೆ ತೆಗೆದುಕೊಳ್ಳುವವರು ಕುಪವಾಡದವರು ಮಾತ್ರ ಉಳಿದಿದ್ದರು. ಅವರಿಗೆ ಗುಂಡಿ, ಹುಕ್ಕು ಇರಬಾರದು. ಒಂದು ದಿನ ಹೊಸ್ತಿಲಲ್ಲಿ ಕೂತು ಒಳ್ಳೆಯ ಕೋಟೊಂದನ್ನು ಕತ್ತರಿಯಿಂದ ತುಂಡು ಮಾಡುತ್ತಿದ್ದಳು.

“ಅಯ್ಯ, ಇದನ್ಯಾಕ ಕತ್ತರಸ್ತಿ? ಇನ್ನೂ ಹತ್ತ ವರ್ಷ ಬರ್ತಿತ್ತು.”

“ಕೋಟಂದ್ರ ಯಾರದು ಅಂತಾರ್ರಿ. ಚಿಂದಿ ಅಂದ್ರ ಯಾರೂ ಕೇಳೂದಿಲ್ಲ.”

ಗುಂಡಿಯನ್ನು ಡಬ್ಬಿಯೊಳಗೆ ಹಾಕಿದಳು. ಶಾಲಿನ ಮಾತನ್ನು ಅವಳು ಆಡಲಿಲ್ಲ, ನಾನೂ ಆಡಲಿಲ್ಲ. ದಿನಾ ನೋಡುತ್ತಿದ್ದೆವು, ದಿನಾ ಮಾತಾಡುತ್ತಿದ್ದೆವು, ಅದೊಂದನ್ನು ಬಿಟ್ಟು.

ಹೋದ ವರ್ಷ ಶ್ರಾವಣದಲ್ಲಿ ನಾಗವ್ವ ತೀರಿಕೊಂಡಳು. ಹರಿಪುರದಿಂದ ಅವಳ ಅಣ್ಣನ ಮಗ ಬಸಲಿಂಗಪ್ಪ ಬಂದು ಎಲ್ಲ ಮಾಡಿದ. ಐದು ಸೀರೆ, ಒಂದು ಕೌದಿ ಗಂಟು ಕಟ್ಟಿ ಘಾಟಿಗೆ ಹೊರಟ.

“ಬಸಲಿಂಗಪ್ಪ, ಅದನ್ನ ಹೊಳಿಗೆ ಹಾಕಬ್ಯಾಡಪ್ಪ. ಅಕಿದನ್ನ ಹಾಕಬ್ಯಾಡ.”

“ಮತ್ತೇನ ಮಾಡ್ಲ್ರಿ ಅಜ್ಜಿ? ನೀವು ಉಡ್ತೀರೇನು?”

ಚುಚ್ಚಿ ಕೇಳಿದ್ದಲ್ಲ. ಗೊತ್ತಿಲ್ಲದೆ ಕೇಳಿದ. ವೃಷಾಲಿ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಿ, ಅವನಿಗೆ ದಾರಿ ಬಿಟ್ಟೆ. ಅವನು ಗಂಟು ಹೆಗಲಿಗೇರಿಸಿ ಹೋದ.

ಮರುದಿನ ಬೆಳಿಗ್ಗೆ ಘಾಟಿಗೆ ಹೋದೆ. ಗಂಟು ಬಿಚ್ಚಿಕೊಂಡಿತ್ತು. ಅವಳ ಹಸಿರು ಸೀರೆ ಕೊನೆಯ ಮೆಟ್ಟಿಲ ಪಕ್ಕದ ಜಾಲಿಗೆ ಸಿಕ್ಕಿ ನೀರಲ್ಲಿ ಉದ್ದಕ್ಕೆ ಆಡುತ್ತಿತ್ತು. ಬಾಗಿ ಕೈ ಚಾಚಿದರೆ ಎಟುಕುತ್ತಿತ್ತು. ಮೇಲೆ ಇಬ್ಬರು ಹೆಂಗಸರು ಕೊಡ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಶಾಲು ಸರಿಯಾಗಿ ಹೊದ್ದುಕೊಂಡು ಮನೆಗೆ ಬಂದೆ.