ಕಾಗೆ ಕಾಲು, ಗುಬ್ಬಿ ಕಾಲು

ನಮ್ಮ ತಂದೆ ಮಿಡ್ಲ್‌ಸ್ಕೂಲಿನ ಮೇಷ್ಟ್ರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಬಸವನಗುಡಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಲಗ್ನಪತ್ರಿಕೆ ಬರೆಸಲು, ಸರ್ಕಾರಕ್ಕೆ ಅರ್ಜಿ ಬರೆಸಲು ಜನ ನಮ್ಮ ಮನೆಗೇ ಬರುತ್ತಿದ್ದರು. ಅಂಥವರ ಮಗನಾದ ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ವಿನಯಕ್ಕೆ ಹೇಳುತ್ತಿಲ್ಲ, ನಾನು ಬರೆದದ್ದನ್ನು ನನ್ನ ಹೊರತು ಯಾರಿಗೂ ಓದಲಾಗುತ್ತಿರಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಒಬ್ಬ ಡಾಕ್ಟರು ನನ್ನನ್ನು ಎರಡು ದಿನ ಮಾತಾಡಿಸಿ, ನನಗಿರುವುದು ಆಟಿಸಂ, ಕೈ ಮಾತು ಕೇಳದಿದ್ದದ್ದೂ ಅದರ ಜೊತೆಯಲ್ಲೇ ಬಂದದ್ದು ಎಂದರು. ನಾನು ಹುಡುಗನಾಗಿದ್ದಾಗ ಅಂಥ ಮಾತು ಯಾರ ಬಾಯಲ್ಲೂ ಇರಲಿಲ್ಲ. ಆಗ ನಾನು ಸೋಮಾರಿ, ಮೊಂಡ, ಮುಖ ನೋಡಿ ಮಾತಾಡದ ಗರ್ವಿಷ್ಠ. ನಿಬ್ಬು ಕಾಗದವನ್ನು ಗೀರುವ ಸದ್ದಿಗೇ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು ಎಂದರೆ ಯಾರು ನಂಬುತ್ತಿದ್ದರು?

ನನಗೆ ಆರು ತುಂಬಿದಾಗ ತಂದೆ ಒಂದು ಕಾಪಿ ಪುಸ್ತಕ ತಂದರು. ದಿನಾ ಬೆಳಿಗ್ಗೆ ಒಂದು ಪುಟ. ಮೊದಲ ಸಾಲು ಅವರದು, ಉಳಿದದ್ದು ನನ್ನದು. ಅವರು ಒಂದು ದಿನವೂ ಹೊಡೆಯಲಿಲ್ಲ. ಹೊಡೆದಿದ್ದರೇ ವಾಸಿಯಿತ್ತು. ಪುಟ ನೋಡಿ, ಸಣ್ಣದೊಂದು ಉಸಿರು ಬಿಟ್ಟು, ಪುಸ್ತಕ ಮುಚ್ಚುತ್ತಿದ್ದರು. ಹನ್ನೊಂದು ವರ್ಷ, ಎಷ್ಟೋ ಪುಸ್ತಕ, ಪ್ರತಿ ಬೆಳಿಗ್ಗೆಯೂ ಅದೇ ಉಸಿರು.

ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಉತ್ತರಗಳೆಲ್ಲ ನನಗೆ ಬಾಯಿಪಾಠ. ಓದುವವರಿಗೆ ಅವು ಕಾಣಬೇಕಲ್ಲ. ಆಮೇಲೆ ತಂದೆ ನನ್ನನ್ನು ಚಾಮರಾಜಪೇಟೆಯಲ್ಲಿ ಅಚ್ಚುಕೂಟ ಇಟ್ಟಿದ್ದ ಸ್ನೇಹಿತರ ಹತ್ತಿರ ಕರೆದುಕೊಂಡು ಹೋದರು.

"ನೋಡಿ ಮೇಷ್ಟ್ರೇ, ಒಂದು ತಿಂಗಳು ಬರ್ಲಿ. ಕೈ ಕೂತ್ರೆ ಇಟ್ಕೋತೀನಿ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ," ಎಂದರು ಯಜಮಾನರು.

ವಾಪಸು ಬರುವಾಗ ತಂದೆ ನನ್ನ ಕಡೆ ತಿರುಗದೆ ಹೇಳಿದರು: "ಇದೂ ಆಗ್ಲಿಲ್ಲ ಅಂದ್ರೆ ನಂಗೆ ಬೇರೆ ದಾರಿ ಕಾಣಲ್ಲ ಕಣೋ."

ಅಚ್ಚುಕೂಟದಲ್ಲಿ ಸೀಸದ ಪುಟ್ಟ ಪುಟ್ಟ ಅಕ್ಷರಗಳಿದ್ದವು. ಅವನ್ನು ಮೊಳೆ ಎನ್ನುತ್ತಿದ್ದರು. ನೂರಾರು ಗೂಡುಗಳ ಮರದ ಪೆಟ್ಟಿಗೆಯಲ್ಲಿ ಒಂದೊಂದು ಮೊಳೆಗೆ ಒಂದೊಂದು ಜಾಗ. ಎತ್ತಿ ಸಾಲಾಗಿ ಜೋಡಿಸಬೇಕು. ಯಾವುದು ಎಲ್ಲಿ ಎಂಬುದು ಎರಡೇ ದಿನದಲ್ಲಿ ನನ್ನ ತಲೆಯಲ್ಲಿ ಕೂತಿತು. ನಾನು ಇಟ್ಟ 'ಕ' ನಮ್ಮ ತಂದೆಯವರ 'ಕ'ದಷ್ಟೇ ನೆಟ್ಟಗೆ ನಿಂತಿತ್ತು. ಅದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೀದಿಯ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದ ನನಗೆ ಒಂದೇ ಲಯದಲ್ಲಿ ಬಡಿಯುವ ಯಂತ್ರದ ಸದ್ದು ಹಿತವಾಗಿಯೇ ಇತ್ತು.

ಮೂರನೆಯ ವಾರ ಎಡವಟ್ಟಾಯಿತು. ಮೊಳೆ ಜೋಡಿಸುವುದನ್ನು ಕಲಿಸುತ್ತಿದ್ದ ಹಿರಿಯರು ನನಗೆ ಒಂದು ಮಾತು ಹೇಳಿದ್ದರು: "ಕೊಟ್ಟಿರೋ ಕಾಗದದಲ್ಲಿ ಏನಿದ್ಯೋ ಅಷ್ಟೂ ಬರ್ಬೇಕು. ಒಂದಕ್ಷರ ಬಿಡ್ಬಾರ್ದು." ಒಂದು ಮದುವೆ ಪತ್ರಿಕೆಯ ಕಾಗದ ಬಂತು. ಕೊನೆಯಲ್ಲಿ ಹೆಣ್ಣಿನ ತಂದೆ ಬರೆದಿದ್ದರು: 'ಗಂಡಿನ ಚಿಕ್ಕಪ್ಪನ ಹೆಸರು ಸಣ್ಣದಾಗಿರಲಿ. ಕೇಳಿದರೆ ಜಾಗ ಸಾಲಲಿಲ್ಲ ಎನ್ನಿ.' ನಾನು ಹೆಸರನ್ನು ಸಣ್ಣದಾಗಿ ಜೋಡಿಸಿದೆ. ಅದರ ಕೆಳಗೆ ಈ ಎರಡು ಸಾಲನ್ನೂ ಅಂದವಾಗಿ ಜೋಡಿಸಿದೆ. ಅವಸರದಲ್ಲಿ ಯಾರೂ ಓದಿ ನೋಡದೆ ಕರಡು ಪ್ರತಿಯನ್ನು ಹೆಣ್ಣಿನ ಮನೆಗೆ ಕಳಿಸಿಬಿಟ್ಟರು. ಅದು ಹೋಗಿ ಸೇರಿದಾಗ ಆ ಚಿಕ್ಕಪ್ಪ ಅದೇ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರಂತೆ.

"ತಿಂಗಳು ಮುಗಿಯೋವರ್ಗೂ ಬರ್ಲಿ, ಮೇಷ್ಟ್ರ ಮುಖ ನೋಡ್ಕೊಂಡು ಸುಮ್ನಿದೀನಿ," ಎಂದು ಯಜಮಾನರು ನನಗೆ ಕೇಳಿಸುವಂತೆಯೇ ಹೇಳಿದರು. ಹಿರಿಯರು ಹೇಳಿದಂತೆಯೇ ಮಾಡಿದ್ದೆನಲ್ಲ ಎಂದು ನನಗೆ ಕೋಪ. ಮನೆಯಲ್ಲಿ ಹೇಳಲು ಧೈರ್ಯ ಸಾಲದೆ ಅಳುವೂ ಬಂತು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಮಲ್ಲೇಶ್ವರದ ರಿಟೈರ್ಡ್ ಇಂಜಿನಿಯರೊಬ್ಬರು ಹಿತ್ತಲಲ್ಲಿ ತರಕಾರಿ ಬೆಳೆಯುವ ಬಗ್ಗೆ ಪುಸ್ತಕ ಮಾಡಿಸುತ್ತಿದ್ದರು. ಅವರ ಅಕ್ಷರ ಯಾರಿಗೂ ತಿಳಿಯದೆ, ಅವರೇ ದಿನಾ ಬಂದು ಸ್ಟೂಲಿನ ಮೇಲೆ ಕೂತು ಓದಿ ಹೇಳುತ್ತಿದ್ದರು. ಈಗ ಕಾಶಿಗೆ ಹೊರಟುನಿಂತು, ಕೊನೆಯ ನಲವತ್ತು ಪುಟ ಕೊಟ್ಟು, ಬರುವಷ್ಟರಲ್ಲಿ ಮುಗಿದಿರಲಿ ಎಂದು ಹೇಳಿ ಹೋದರು.

"ಬರ್ದೋರೇ ಬಂದು ಓದ್ಬೇಕು. ನಾನಂತೂ ಮುಟ್ಟಲ್ಲ," ಎಂದು ಹಿರಿಯರು ಕಾಗದಗಳನ್ನು ಪಕ್ಕಕ್ಕೆ ತಳ್ಳಿದರು.

ನಾನು ಬಗ್ಗಿ ನೋಡಿದೆ. ಇದರಲ್ಲಿ ತಿಳಿಯದ್ದೇನಿದೆ ಎಂದೇ ನನಗೆ ತಿಳಿಯಲಿಲ್ಲ. "ಬದನೆ ಸಸಿಯನ್ನು ಸಂಜೆಯ ಹೊತ್ತು ನೆಡಬೇಕು. ಬಿಸಿಲಲ್ಲಿ ನೆಟ್ಟರೆ ಮುನಿಸಿಕೊಳ್ಳುತ್ತದೆ," ಎಂದು ಗಟ್ಟಿಯಾಗಿ ಓದಿದೆ. ಹಿರಿಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇನ್ನೊಂದು ಪುಟ ಕೊಟ್ಟರು, ಓದಿದೆ. ಕೈ ಎಲ್ಲಿ ಜಾರುತ್ತದೆ, ಯಾವ ಕೊಂಬನ್ನು ನುಂಗುತ್ತದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಅಲ್ಲೆಲ್ಲ ನಾನೂ ಜಾರಿದವನೇ.

ನಾಲ್ಕು ದಿನ ಓದಿ ಓದಿ ಜೋಡಿಸಿದೆ. ಈ ಸಲ ಒಂದು ಕಡೆ ನಿಲ್ಲಿಸಿ ಕೇಳಿದೆ: "ಪಕ್ಕದಲ್ಲಿ 'ಮೊಮ್ಮಗಳಿಗೆ ಬಳಪ ತರಬೇಕು' ಅಂತ ಬರ್ದಿದಾರೆ. ಹಾಕ್ಲಾ, ಬಿಡ್ಲಾ?"

"ಬಿಡಪ್ಪಾ, ಪುಣ್ಯ ಬರುತ್ತೆ," ಎಂದು ಹಿರಿಯರು ನಕ್ಕರು.

ಕೊನೆಯ ದಿನ ಸಂಜೆ ಯಜಮಾನರು ತಾವಾಗಿಯೇ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. "ಮೇಷ್ಟ್ರೇ, ಹುಡುಗನ್ನ ಇಟ್ಕೋತೀನಿ. ಜೋಡಿಸೋರು ಸಿಕ್ತಾರೆ, ಓದೋರು ಸಿಕ್ಕಲ್ಲ ರೀ. ಇವನು ಏನು ಕೊಟ್ರೂ ಓದ್ತಾನೆ." ನಾನು ಜೋಡಿಸಿದ ಒಂದು ಪುಟವನ್ನೂ ತಂದಿದ್ದರು. ತಂದೆ ಅದನ್ನು ಬೆಳಕಿಗೆ ಹಿಡಿದು, ಸಾಲುಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಳಗೆ ಹೋಗಿ ಅಮ್ಮನಿಗೆ ಎರಡು ಲೋಟ ಕಾಫಿ ಮಾಡಲು ಹೇಳಿದರು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಕಾಪಿ ಪುಸ್ತಕ ತೆಗೆದು ಕೂತೆ. ಮೊದಲ ಸಾಲು ಖಾಲಿಯಾಗಿತ್ತು. ತಂದೆ ಎದುರಿಗೆ ಬಂದು ಕೂತು, ಸೀಸದ ಕಪ್ಪು ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿದರು.

"ಇನ್ನು ಬೇಡ. ಆ ಕೈ ಕೆಲಸಕ್ಕೆ ಬೇಕು," ಎಂದು ಪುಸ್ತಕ ಮುಚ್ಚಿದರು.

ನಾನು ಕಾದೆ. ಆ ಉಸಿರು ಬರಲಿಲ್ಲ.