ರೊಟ್ಟಿ ಸಪ್ಪಳ ಗೆಲ್ಲುವ ಸ್ಪೀಕರ್

ಗೆಳೆಯರೇ, ಅವ್ವನ ಅಡುಗೆಮನೆಗೆ ಸ್ಪೀಕರ್ ಕೊಳ್ಳಲು ಹೋಗಿ ಇವತ್ತು ವಿದ್ಯಾನಗರದ ಅಂಗಡಿಯೊಂದರಲ್ಲಿ ಮಾನ ಕಳೆದುಕೊಂಡೆ. ನಾನೋ ಹತ್ತಾರು ವಿಡಿಯೊ ನೋಡಿದ ಪಂಡಿತ. ಬೇಸ್ ಸದ್ದಿನ ಬಗ್ಗೆ ಸೇಲ್ಸ್‌ಮನ್‌ಗೇ ಪಾಠ ಮಾಡುತ್ತಿದ್ದೆ. ಅಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿ, ಗಾಜಿನ ಕೌಂಟರಿನ ಮೇಲೆ ಜೋಳದ ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ದಪದಪ ಬಡಿಯತೊಡಗಿದಳು.

"ಈಗ ಹಾಡು ಹಚ್ಚಪಾ ತಮ್ಮಾ. ರೊಟ್ಟಿ ಬಡಿಯೂಮುಂದ ಕೇಳಸ್ಬೇಕು ನನಗ."

ಮೂರು ಸ್ಪೀಕರ್ ಸೋತವು. ನಾಲ್ಕನೆಯದರ ಹಾಡು ಕೇಳಿಸಿತು. ಸೇಲ್ಸ್‌ಮನ್ ಹಿಗ್ಗಿದ.

"ಒಮ್ಮೆ ಚಾರ್ಜ್ ಮಾಡಿದ್ರ ಹನ್ನೆರಡು ತಾಸು ಹಾಡತೈತ್ರಿ, ಅವ್ವಾರ!"

"ಹನ್ನೆರಡು ತಾಸು ರೊಟ್ಟಿ ಬಡಿಯಾಕ ನೀ ಬರ್ತೀಯೇನು, ಈ ನನ್ನ ಮಗಾ ಬರ್ತಾನೇನು?"

ಅವನು ಬಿಲ್ ಪುಸ್ತಕ ಹುಡುಕತೊಡಗಿದ. ನಾನು ಪಕ್ಕದ ಫ್ರಿಜ್ ಬಾಗಿಲು ತೆರೆದು ತಲೆ ಒಳಗಿಟ್ಟೆ. ನಮಗೆ ಫ್ರಿಜ್ ಬೇಕಾಗಿರಲಿಲ್ಲ.